ಸೀತನಿ ಹೊಗೆ, ಸ್ಕಾಟ್ಲೆಂಡಿನ ಹೊಗೆ

(ಕಲಬುರಗಿಯಲ್ಲಿ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ)

ಇವತ್ತಿನ ಮಾತು ವಿಸ್ಕಿಗಳನ್ನು ಮೂಸಿ, ರುಚಿ ನೋಡಿ ಹೋಲಿಸುವುದರ ಬಗ್ಗೆ. ಆದರೆ ಮೊದಲೇ ಹೇಳಿಬಿಡುತ್ತೇನೆ, ಈ ಸಭಾಂಗಣದಲ್ಲಿ ಒಂದು ಹನಿ ವಿಸ್ಕಿಯೂ ಇಲ್ಲ. ಆ ಆಸೆಯಿಂದ ಬಂದವರು ಈಗಲೇ ಎದ್ದು ಹೋದರೂ ನನಗೆ ಬೇಸರವಿಲ್ಲ, ಹೊರಗೆ ಚಹಾ ಇನ್ನೂ ಬಿಸಿ ಇರಬೇಕು. ವಿಸ್ಕಿ ಬದಲು ಐದು ಡಬ್ಬಿ ತಂದಿದ್ದೇನೆ. ಔಷಧಿ ಅಂಗಡಿಯ ಖಾಲಿ ಮಾತ್ರೆ ಡಬ್ಬಿಗಳು, ಸುತ್ತ ಕಾಗದ ಅಂಟಿಸಿ 1ರಿಂದ 5ರವರೆಗೆ ನಂಬರ್ ಬರೆದಿದ್ದೇನೆ. ಮುಂದಿನ ಸಾಲಿನಿಂದ ಹಿಂದಕ್ಕೆ ಹೋಗಲಿ. ಮುಚ್ಚಳ ತೆಗೆಯಿರಿ, ಮೂಸಿ ನೋಡಿ, ಹತ್ತಿ ಎತ್ತಿ ಒಳಗೆ ಇಣುಕಬೇಡಿ. ಏನು ವಾಸನೆ ಅನ್ನಿಸಿತೋ ಚೀಟಿಯಲ್ಲಿ ಬರೆದುಕೊಳ್ಳಿ. ಪಕ್ಕದವರಿಗೆ ಹೇಳಬೇಡಿ, ಪಕ್ಕದವರದ್ದನ್ನು ನೋಡಲೂ ಬೇಡಿ. ಪರೀಕ್ಷೆಯಲ್ಲಿ ನೋಡಿ ಬರೆದವರಿಗೆ ಅಂಕವಾದರೂ ಬರುತ್ತದೆ, ಇಲ್ಲಿ ನೋಡಿ ಬರೆದರೆ ಮೂಗೇ ಹಾಳಾಗುತ್ತದೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಾನು ಚಿತ್ತಾಪುರದ ಹತ್ತಿರದ ಹಳ್ಳಿಯವನು. 26 ವರ್ಷ ಒಂದು ಡಿಸ್ಟಿಲರಿಯ ಲ್ಯಾಬಿನಲ್ಲಿ ಕೆಮಿಸ್ಟ್ ಆಗಿದ್ದೆ. ನಮ್ಮವ್ವನಿಗೆ ಅದನ್ನು ಬೀಗರ ಮುಂದೆ ಹೇಳಲು ನಾಚಿಕೆ. "ಮಗ ಏನ್ ಮಾಡ್ತಾನ್ರೀ?" ಅಂತ ಯಾರಾದರೂ ಕೇಳಿದರೆ, "ಸಕ್ರಿ ಫ್ಯಾಕ್ಟರ್ಯಾಗ ಅದಾನ್ರೀ" ಅನ್ನುತ್ತಿದ್ದಳು. ಪೂರ್ತಿ ಸುಳ್ಳೂ ಅಲ್ಲ. ನಮಗೆ ಕಚ್ಚಾ ಮಾಲು ಬರುತ್ತಿದ್ದದ್ದು ಸಕ್ಕರೆ ಕಾರ್ಖಾನೆಯಿಂದಲೇ. ಆ ವಿಷಯಕ್ಕೂ ಬರುತ್ತೇನೆ.

ಕುಡಿತದಿಂದ ಹಾಳಾದ ಮನೆ ನೋಡದ ಓಣಿ ನಮ್ಮಲ್ಲಿ ಯಾವುದಿದೆ ಹೇಳಿ? 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಸಾರಾಯಿ ಪ್ಯಾಕೆಟ್ ಹೋದ ಜಾಗಕ್ಕೆ ನೈಂಟಿ ಪ್ಯಾಕೆಟ್ ಬಂತು. ಹಲ್ಲಿನಿಂದ ಮೂಲೆ ಕಡಿದು, ಕಣ್ಣು ಮುಚ್ಚಿ, ಒಂದೇ ಗುಟುಕಿಗೆ ಗಂಟಲಿಗೆ ಸುರಿದುಕೊಳ್ಳುವವನಿಗೆ ರುಚಿ ಬೇಕಾಗಿಲ್ಲ, ರುಚಿ ಗೊತ್ತಾಗುವ ಮೊದಲೇ ಅದು ಒಳಗೆ ಹೋಗಬೇಕು. ನಾನು ಇವತ್ತು ಹೇಳುವ ಕೆಲಸ ಅದಕ್ಕೆ ತದ್ವಿರುದ್ಧ. 15 ಎಂ.ಎಲ್. ಎದುರಿಗಿಟ್ಟುಕೊಂಡು ಅರ್ಧ ಗಂಟೆ ಕೂರುವುದು, ಬೇಕಾದರೆ ಉಗುಳಿಬಿಡುವುದು. ಡಿಸ್ಟಿಲರಿಗಳಲ್ಲಿ ಬ್ಲೆಂಡರ್ ಕೆಲಸ, ಅಂದರೆ ಬೇರೆ ಬೇರೆ ಮದ್ಯ ಹದವಾಗಿ ಬೆರೆಸುವ ಕೆಲಸ ಮಾಡುವವರು ದಿನಕ್ಕೆ ಎಷ್ಟೋ ಮಾದರಿ ನೋಡುತ್ತಾರೆ, ಬಹುಪಾಲು ಮೂಗಿನಿಂದಲೇ. ಎಲ್ಲ ಕುಡಿಯುತ್ತಾ ಹೋದರೆ ಮಧ್ಯಾಹ್ನದ ಊಟಕ್ಕೆ ಅವರನ್ನು ಹೊತ್ತುಕೊಂಡು ಹೋಗಬೇಕಾದೀತು.

ಇನ್ನೊಂದು ಮಾತು, ಇದು ದಾರಿ ತಪ್ಪಿದ್ದು ಅಂದುಕೊಳ್ಳಿ. ಇಂಥ ವಿಷಯ ಶರಣರ ನಾಡಿನಲ್ಲಿ ಮಾತಾಡಬಹುದೇ ಅಂತ ಒಬ್ಬರು ಫೋನ್ ಮಾಡಿ ಕೇಳಿದರು. ಕಲ್ಯಾಣದ ಶರಣರಲ್ಲೇ ಹೆಂಡದ ಮಾರಯ್ಯ ಎಂಬ ವಚನಕಾರ ಇದ್ದ, ಹೆಂಡ ಮಾರುವುದೇ ಅವನ ಕಾಯಕ. ತನ್ನ ಕಸುಬಿನ ಮಾತನ್ನೇ ಹಿಡಿದು ಅವನು ವಚನ ಬರೆದ. ನಾನು ಅಷ್ಟು ದೊಡ್ಡವನಲ್ಲ, ನನ್ನ ಕಸುಬಿನ ಮಾತು ನಾಲ್ಕು ಆಡಿ ಹೋಗುತ್ತೇನೆ.

ಈಗ ನಿಮ್ಮ ಕೈಗೆ ಒಂದು ಚಿಟಿಕೆ ಬಡೇಸೋಪು ಬಂದಿರಬೇಕು. ಎಲ್ಲರೂ ಒಂದು ಕೈಯಿಂದ ಮೂಗು ಗಟ್ಟಿ ಹಿಡಿದುಕೊಳ್ಳಿ. ಹಿಡಿದೇ ಇರಿ. ಬಡೇಸೋಪು ಬಾಯಿಗೆ ಹಾಕಿ ಅಗಿಯಿರಿ. ಏನು ಗೊತ್ತಾಗುತ್ತದೆ? ಸ್ವಲ್ಪ ಸಿಹಿ, ಸ್ವಲ್ಪ ನಾರು, ಅಷ್ಟೇ. ಜೋಳದ ಹೊಟ್ಟು ಅಗಿದ ಹಾಗೆ. ಈಗ ಮೂಗು ಬಿಡಿ. ಬಂತಲ್ಲ? ಆ ನಗು ನೋಡಿದರೆ ಬಂದಿದೆ.

ನೀವು ಬಾಯಲ್ಲಿ ಬಂತು ಅಂದುಕೊಂಡದ್ದು ಮೂಗಿನಲ್ಲಿ ಬಂದದ್ದು. ಬಾಯಿಯ ಹಿಂಬದಿಯಿಂದ ಮೂಗಿಗೆ ಒಂದು ದಾರಿ ಇದೆ. ಅಗಿದಾಗ, ನುಂಗಿದಾಗ ಪರಿಮಳ ಆ ಹಿತ್ತಲ ಬಾಗಿಲಿನಿಂದ ಮೇಲೆ ಹೋಗುತ್ತದೆ. ನಾಲಿಗೆಗೆ ಗೊತ್ತಿರುವುದು ಸಿಹಿ, ಹುಳಿ, ಉಪ್ಪು, ಕಹಿ, ಜೊತೆಗೆ ಉಮಾಮಿ ಅನ್ನುವ ಒಂದು ಮಾಂಸದ ಸಾರಿನಂಥ ರುಚಿ. ಮಿಕ್ಕದ್ದೆಲ್ಲ ಮೂಗಿನ ಲೆಕ್ಕ. ನೆಗಡಿಯಾದಾಗ ಪುಂಡಿಪಲ್ಯವೂ ಒಂದೇ, ಮೆಂತ್ಯಪಲ್ಯವೂ ಒಂದೇ ಅನ್ನಿಸುವುದು ಅದಕ್ಕೇ. ವಿಸ್ಕಿ ಹೋಲಿಸುವುದು ಅಂದರೆ ಮುಕ್ಕಾಲು ಪಾಲು ಮೂಸುವುದು.

ಹಾಗಾದರೆ ಗಂಟಲಲ್ಲಿ ಉರಿಯುತ್ತದಲ್ಲ, ಅದು? ಅದು ರುಚಿಯೂ ಅಲ್ಲ, ವಾಸನೆಯೂ ಅಲ್ಲ. ನಮ್ಮ ಬಾಯಲ್ಲಿ ಬಿಸಿಯನ್ನು ಗುರುತಿಸುವ ಒಂದು ಗ್ರಾಹಿ ಇದೆ. ಬ್ಯಾಡಗಿ ಆಗಲಿ ಗುಂಟೂರು ಆಗಲಿ, ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಹೋಗಿ ಬಡಿಯುವುದು ಆ ಬಾಗಿಲನ್ನೇ. ಮದ್ಯಸಾರ ಬಡಿಯುವುದೂ ಅದೇ ಬಾಗಿಲನ್ನು. ಆದ್ದರಿಂದ ಮಿರ್ಚಿ ಭಜಿ ತಿಂದು ವಿಸ್ಕಿ ರುಚಿ ನೋಡುತ್ತೇನೆ ಅನ್ನುವವರಿಗೆ ನನ್ನ ನಮಸ್ಕಾರ. ಅವರು ನೋಡುವುದು ಉರಿಯನ್ನು ಮಾತ್ರ, ಎರಡೆರಡು ಸಲ.

ಈಗ ವಿಸ್ಕಿ ಅಂದರೇನು? ಧಾನ್ಯವನ್ನು ನೆನೆಸಿ, ಹುಳಿ ಬರಿಸಿ, ಬಟ್ಟಿ ಇಳಿಸಿ, ಮರದ ಪೀಪಾಯಿಯಲ್ಲಿ ಕೂಡಿಟ್ಟದ್ದು. ಸ್ಕಾಚ್ ಅಂದರೆ ಸ್ಕಾಟ್ಲೆಂಡಿನ ವಿಸ್ಕಿ, ಮಾಲ್ಟ್ ಅಂದರೆ ಮೊಳಕೆ ಬರಿಸಿದ ಧಾನ್ಯ. ಸ್ಕಾಚ್ ಸಿಂಗಲ್ ಮಾಲ್ಟ್ ಅಂದರೆ ಒಂದೇ ಡಿಸ್ಟಿಲರಿಯಲ್ಲಿ, ಮೊಳಕೆ ಬರಿಸಿದ ಬಾರ್ಲಿಯಿಂದ ಮಾತ್ರ ಮಾಡಿದ್ದು. ಮೊಳಕೆ ಯಾಕೆ ಅಂತ ನಮ್ಮ ಹೆಣ್ಣುಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ರಾಗಿಯೋ ಹೆಸರೋ ಮೊಳಕೆ ಬಂದರೆ ಸಿಹಿಯಾಗುತ್ತದೆ. ಕಾಳು ತನ್ನೊಳಗಿನ ಹಿಟ್ಟನ್ನು ತಾನೇ ಸಕ್ಕರೆ ಮಾಡಿಕೊಳ್ಳುತ್ತದೆ. ಆ ಸಕ್ಕರೆಯನ್ನು ಈಸ್ಟ್ ತಿನ್ನುತ್ತದೆ. ಸ್ಕಾಚ್ ವಿಸ್ಕಿಯ ಕಾಯಿದೆ ಪ್ರಕಾರ ಕನಿಷ್ಠ 3 ವರ್ಷ ಓಕ್ ಪೀಪಾಯಿಯಲ್ಲಿ ಇರಬೇಕು, ಬಾಟಲಿಗೆ ಬರುವಾಗ ಮದ್ಯಸಾರ ಶೇ 40ಕ್ಕಿಂತ ಕಡಿಮೆ ಇರಬಾರದು. ಅಮೆರಿಕದ ಬರ್ಬನ್‌ನಲ್ಲಿ ಧಾನ್ಯದ ಶೇ 51ಕ್ಕೆ ಕಡಿಮೆಯಿಲ್ಲದಂತೆ ಗೋವಿನಜೋಳ ಇರಬೇಕು, ಪೀಪಾಯಿ ಹೊಸದಿರಬೇಕು, ಒಳಮೈ ಸುಟ್ಟಿರಬೇಕು. ಐರ್ಲೆಂಡಿನವರ ಒಂದು ಬಗೆಯಲ್ಲಿ ಮೊಳಕೆ ಬಂದ ಬಾರ್ಲಿಯ ಜೊತೆ ಹಸಿ ಬಾರ್ಲಿಯೂ ಇರುತ್ತದೆ. ಮೊಳಕೆ ಧಾನ್ಯದ ಮೇಲೆ ಸರ್ಕಾರ ತೆರಿಗೆ ಹಾಕಿದ್ದಕ್ಕೆ ಹಸಿ ಬಾರ್ಲಿ ಸೇರಿಸಲು ಶುರುಮಾಡಿದರಂತೆ. ತೆರಿಗೆ ಹೋಯಿತು, ರುಚಿ ಉಳಿಯಿತು.

ನಮ್ಮ ದೇಶದ ಕಥೆ ಬೇರೆ. ಬೀದರ್ ಕಡೆ, ಆಳಂದ, ಅಫಜಲಪುರದ ಕಡೆ ಕಬ್ಬು ಬೆಳೆಯುವವರು ಇಲ್ಲಿ ಇದ್ದೀರಿ. ಸಕ್ಕರೆ ತೆಗೆದ ಮೇಲೆ ಉಳಿಯುವ ಕರಿ ಪಾಕ, ಕಾಕಂಬಿ, ಅದರಿಂದ ಇ.ಎನ್.ಎ. ಮಾಡುತ್ತಾರೆ. ಕಾಲಮ್ ಅನ್ನುವ ಎತ್ತರದ ಕಂಬದಂಥ ಯಂತ್ರಗಳಲ್ಲಿ ಬಟ್ಟಿ ಇಳಿಸಿ ಶೇ 96ರ ಹತ್ತಿರ ಶುದ್ಧ ಮಾಡಿದ ಮದ್ಯಸಾರ ಅದು. ಅದರಲ್ಲಿ ಕಬ್ಬೂ ಇಲ್ಲ, ಬೆಲ್ಲವೂ ಇಲ್ಲ, ಬರೀ ಖಾರದ ಗಾಳಿ. ನಮ್ಮ ಅಗ್ಗದ ವಿಸ್ಕಿಗಳಲ್ಲಿ ಎಷ್ಟೋ ಈ ಇ.ಎನ್.ಎ.ಗೆ ಸ್ವಲ್ಪ ಮಾಲ್ಟ್ ವಿಸ್ಕಿ, ಬಣ್ಣಕ್ಕೆ ಸುಟ್ಟ ಸಕ್ಕರೆ ಸೇರಿಸಿ ಆದವು. ಈಗೀಗ ಅಕ್ಕಿ ನುಚ್ಚಿನಿಂದ, ಗೋವಿನಜೋಳದಿಂದ ಮಾಡಿದ ಇ.ಎನ್.ಎ. ಕೂಡ ಬರುತ್ತದೆ. ಕಾಕಂಬಿಯದ್ದನ್ನು ಯುರೋಪಿನಲ್ಲಿ ವಿಸ್ಕಿ ಅಂತ ಮಾರುವ ಹಾಗಿಲ್ಲ. ಅದಕ್ಕಾಗಿ ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಕಾಗಿಲ್ಲ. ಶೇಂಗಾ ಎಣ್ಣೆ ಡಬ್ಬಿಯಲ್ಲಿ ತಾಳೆ ಎಣ್ಣೆ ಇದ್ದರೆ ನೀವೂ ಒಪ್ಪುವುದಿಲ್ಲ.

ಕಾಲಮ್ ಅಂದೆನಲ್ಲ, ಅದರ ಪೇಟೆಂಟ್ ಪಡೆದವನು ಯಾರು ಗೊತ್ತೇ? ಏನಿಯಸ್ ಕಾಫಿ, ಐರ್ಲೆಂಡಿನಲ್ಲಿ ಅಬಕಾರಿ ಅಧಿಕಾರಿ ಆಗಿದ್ದವನು. ವರ್ಷಗಟ್ಟಲೆ ಕಳ್ಳಬಟ್ಟಿ ಹಿಡಿದು, ಕೊನೆಗೆ ತಾನೇ ಒಂದು ಬಟ್ಟಿ ಯಂತ್ರ ರೂಪಿಸಿ 1830ರಲ್ಲಿ ಪೇಟೆಂಟ್ ತೆಗೆದುಕೊಂಡ. ಐರಿಷ್ ಡಿಸ್ಟಿಲರ್‌ಗಳು ಮೂಗು ಮುರಿದರು, ಇದಕ್ಕೆ ರುಚಿಯೇ ಇಲ್ಲ ಅಂದರು. ಸ್ಕಾಟ್ಲೆಂಡಿನವರು ತೆಗೆದುಕೊಂಡರು, ರುಚಿಯಿಲ್ಲದ ಆ ಹಗುರ ಮದ್ಯಕ್ಕೆ ಮಾಲ್ಟ್ ಬೆರೆಸಿ ಬ್ಲೆಂಡೆಡ್ ಸ್ಕಾಚ್ ಮಾಡಿದರು, ಜಗತ್ತಿನ ಪೇಟೆ ಹಿಡಿದರು. ನಮ್ಮ ಲ್ಯಾಬಿಗೆ ಅಬಕಾರಿ ಇನ್ಸ್‌ಪೆಕ್ಟರ್ ಬಂದಾಗಲೆಲ್ಲ ನಾನು ಈ ಕಾಫಿಯನ್ನು ನೆನೆಯುತ್ತಿದ್ದೆ. ಅವರಿಗೆ ಮಾತ್ರ ಚಹಾ ತರಿಸುತ್ತಿದ್ದೆ.

ಈಗ ನಿಜವಾದ ವಿಷಯಕ್ಕೆ ಬರೋಣ. ವಿಸ್ಕಿ ಬಗ್ಗೆ ಬರೆಯುವ ಹೊರಗಿನವರ ಟಿಪ್ಪಣಿ ಓದಿದ್ದೀರಾ? ಹೆದರ್ ಹೂವು, ಕ್ರಿಸ್‌ಮಸ್ ಕೇಕು, ಗೂಸ್‌ಬೆರಿ, ಹಳೇ ಚರ್ಮದ ಕುರ್ಚಿ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದ್ದೆ. ಮಾದರಿ ಮೂಸಿ "ಹೆದರ್" ಅಂತ ಬರೆಯುತ್ತಿದ್ದೆ. ಹೆದರ್ ಹೂವನ್ನು ನಾನು ಇವತ್ತಿಗೂ ನೋಡಿಲ್ಲ! ನಮ್ಮ ಸೀನಿಯರ್ ಒಬ್ಬರು, ಭಾಲ್ಕಿ ಕಡೆಯವರು, ನನ್ನ ನೋಟ್‌ಬುಕ್ ಓದಿ ನಕ್ಕರು. ಮಾದರಿಯ ನಾಲ್ಕು ಹನಿ ಅಂಗೈಗೆ ಹಾಕಿ, ಎರಡೂ ಕೈ ತಿಕ್ಕಿ, ಸ್ಪಿರಿಟ್ ಹಾರಿಹೋದ ಮೇಲೆ ನನ್ನ ಮೂಗಿಗೆ ಹಿಡಿದು, "ನಿಮ್ಮ ಊರಾಗ ಏನಂತಾರ, ಅದು ಬರಿ" ಅಂದರು. ನನಗೆ ತಟ್ಟನೆ ಹೊಳೆದದ್ದು ಉತ್ತತ್ತಿ. ಬಾಣಂತಿಯ ಕೋಣೆಯ ಉತ್ತತ್ತಿ, ಕೊಬ್ಬರಿ, ಅಂಟು. ಹಾಗೇ ಬರೆದೆ. ಅವರು ಅದರ ಕೆಳಗೆ ಸಹಿ ಮಾಡಿದರು.

ಅಲ್ಲಿಂದ ಮುಂದೆ ನನ್ನ ನೋಟ್‌ಬುಕ್ ಬದಲಾಯಿತು. ಇವತ್ತು ನಿಮಗೆ ಹೇಳಬೇಕು ಅಂತ ಬಂದ ಮಾತೂ ಇದೇ. ವಾಸನೆಗೆ ಹೆಸರು ನೆನಪಿನಿಂದ ಬರುತ್ತದೆ, ನೆನಪು ಇನ್ನೊಬ್ಬರ ಅಡುಗೆಮನೆಯಿಂದ ಸಾಲ ಸಿಗುವುದಿಲ್ಲ. ಓಕ್ ಮರದಲ್ಲಿ ಲ್ಯಾಕ್ಟೋನ್ ಅನ್ನುವ ಒಂದು ವಾಸನೆಯ ವಸ್ತು ಇದೆ, ಅಮೆರಿಕದ ಬಿಳಿ ಓಕಿನಲ್ಲಿ ಜಾಸ್ತಿ. ಅದರ ವಾಸನೆ ಕೊಬ್ಬರಿಯದ್ದು. ಬರ್ಬನ್ ಮೂಸಿದಾಗ ಕೊಬ್ಬರಿ ಗಿಟಕು ಒಡೆದ ಹಾಗೆ ಅನ್ನಿಸಿದರೆ ನೀವು ತಪ್ಪಿಲ್ಲ, ರಸಾಯನಶಾಸ್ತ್ರ ನಿಮ್ಮ ಕಡೆ ಇದೆ. ಓಕಿನಲ್ಲೇ ಯೂಜಿನಾಲ್ ಇದೆ, ಲವಂಗಕ್ಕೆ ಲವಂಗದ ವಾಸನೆ ಕೊಡುವುದೂ ಅದೇ ವಸ್ತು. ಈಸ್ಟ್ ತನ್ನ ಕೆಲಸ ಮಾಡುವಾಗ ಐಸೋಅಮೈಲ್ ಅಸಿಟೇಟ್ ಹುಟ್ಟುತ್ತದೆ, ಅದು ಕಳಿತ ಬಾಳೆಹಣ್ಣು. ಮರ ಸುಟ್ಟಾಗ ಮರದ ಲಿಗ್ನಿನ್ ಒಡೆದು ವೆನಿಲಿನ್ ಬರುತ್ತದೆ, ಅದು ಐಸ್‌ಕ್ರೀಮ್ ತಿಂದ ಎಲ್ಲರಿಗೂ ಗೊತ್ತು.

ಹೊಗೆಯ ಮಾತಿಗೆ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ನಮ್ಮ ಕಡೆಯವರು ಇದರಲ್ಲಿ ಯಾರಿಗೂ ಕಡಿಮೆಯಿಲ್ಲ. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಐಲಾ ಅಂತ ಒಂದು ದ್ವೀಪ. ಅಲ್ಲಿ ಜೌಗು ನೆಲದಲ್ಲಿ ಸಾವಿರಾರು ವರ್ಷ ಅರೆಕೊಳೆತ ಹುಲ್ಲು, ಪಾಚಿ ಅದುಮಿಕೊಂಡು ಪೀಟ್ ಆಗಿದೆ. ಸನಿಕೆಯಿಂದ ಇಟ್ಟಂಗಿಯ ಹಾಗೆ ಕತ್ತರಿಸಿ, ಒಣಗಿಸಿ, ಉರುವಲು ಮಾಡುತ್ತಾರೆ. ನೋಡಲಿಕ್ಕೆ ನಮ್ಮ ಕುಳ್ಳಿನ ಬಣವೆಯ ಅಣ್ಣತಮ್ಮ. ಮೊಳಕೆ ಬಂದ ಬಾರ್ಲಿಯನ್ನು ಅದರ ಹೊಗೆಯಲ್ಲಿ ಒಣಗಿಸಿದಾಗ ಫೀನಾಲು ಅನ್ನುವ ಹೊಗೆವಾಸನೆಯ ವಸ್ತುಗಳು ಕಾಳಿಗೆ ಅಂಟುತ್ತವೆ. ಆರ್ಡ್‌ಬೆಗ್, ಲಾಫ್ರೋಯ್ಗ್ ಅನ್ನುವ ಡಿಸ್ಟಿಲರಿಗಳ ವಿಸ್ಕಿ ಮೊದಲ ಸಲ ಮೂಸಿದವರು ಸಾಮಾನ್ಯವಾಗಿ ಮುಖ ತಿರುಗಿಸುತ್ತಾರೆ. "ಏನ್ರೀ ಇದು, ಸರ್ಕಾರಿ ದವಾಖಾನಿ ವಾಸನಿ ಬರ್ಲಕತ್ತಾದ!" ಅಂತ ನನ್ನ ಗೆಳೆಯ ಅಂದ. ಸರಿಯಾಗಿಯೇ ಅಂದ. ದವಾಖಾನೆಯ ಕಾರ್ಬಾಲಿಕ್ ಸಾಬೂನಿನ ವಾಸನೆಯೂ ಆ ಫೀನಾಲ್ ಬಳಗದ್ದೇ.

ಅವನಿಗೆ ನಾನು ಎರಡು ಚಮಚ ನೀರು ಹಾಕಿ ಹತ್ತು ನಿಮಿಷ ಬಿಟ್ಟು ಮತ್ತೆ ಮೂಸು ಅಂದೆ. ಮೂಸಿದ. ಸುಮ್ಮನಾದ. ಆಮೇಲೆ, "ಸೀತನಿ" ಅಂದ.

ಎಳ್ಳ ಅಮಾವಾಸ್ಯೆಯ ಆಸುಪಾಸಿನಲ್ಲಿ ಹೊಲಕ್ಕೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಲುಗಾಳಿನ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇದ್ದಾಗಲೇ ತಿಕ್ಕಿ, ಊದಿ, ಬೆಲ್ಲ, ಶೇಂಗಾ ಹಿಂಡಿ ಜೊತೆ ಮುಕ್ಕುವುದು. ಅಲ್ಲಿಯೂ ಹಸಿ ಕಾಳಿನ ಸಿಹಿಯ ಮೇಲೆ ಹೊಗೆ ಕೂತಿರುತ್ತದೆ. ಗಿಡ ಸುಟ್ಟ ಹೊಗೆಯಲ್ಲೆಲ್ಲ ಗ್ವಾಯಕಾಲ್ ಅನ್ನುವ ವಸ್ತು ಇರುತ್ತದೆ, ಪೀಟ್ ವಿಸ್ಕಿಯಲ್ಲೂ ಇರುತ್ತದೆ. ಐಲಾದವನಿಗೆ ತನ್ನ ಅಜ್ಜಿಯ ಒಲೆ ನೆನಪಾಗುತ್ತದೆ, ನನ್ನ ಗೆಳೆಯನಿಗೆ ಜೇವರ್ಗಿ ಹತ್ತಿರದ ಹೊಲ. ಇಬ್ಬರದ್ದೂ ಸರಿ.

ನೀರು ಹಾಕಿದರೆ ಹೊಗೆ ಯಾಕೆ ಎದ್ದು ಬಂತು? ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು, ಕಾರ್ಲ್‌ಸನ್ ಮತ್ತು ಫ್ರೀಡ್‌ಮನ್, 2017ರಲ್ಲಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದ್ದು ಇದನ್ನೇ. ಮದ್ಯಸಾರ ಶೇ 45ರವರೆಗೆ ಇದ್ದಾಗ ಗ್ವಾಯಕಾಲ್ ದ್ರವದ ಮೇಲ್ಮೈಗೆ ಬಂದು ಕೂರುತ್ತದೆ. ಶೇ 59 ದಾಟಿದರೆ ಮದ್ಯಸಾರದ ಅಣುಗಳು ಅದನ್ನು ಸುತ್ತುಗಟ್ಟಿ ಒಳಗೇ ಹಿಡಿದಿಡುತ್ತವೆ. ವಿಸ್ಕಿಗೆ ನೀರು ಬೆರೆಸುವುದು ಅವಮಾನ ಅಂತ ಮೀಸೆ ತಿರುವುವ ಗೆಳೆಯರಿಗೆ ಇದನ್ನು ತಿಳಿಸಿ. ವೃತ್ತಿಯ ಬ್ಲೆಂಡರ್‌ಗಳು ಮೂಸುವಾಗ ಶೇ 20ರ ಆಸುಪಾಸಿಗೆ ಇಳಿಸಿಕೊಂಡೇ ಮೂಸುತ್ತಾರೆ.

ಇನ್ನು ವಯಸ್ಸು. ನಮ್ಮ ಸಂಬಂಧಿಕರೊಬ್ಬರು ದುಬೈಯಿಂದ 12 ವರ್ಷದ ಸ್ಕಾಚ್ ತಂದು, ಮಗಳ ಮದುವೆಗೆ ತೆಗೆಯೋಣ ಅಂತ ಗಾಡ್ರೇಜ್ ಅಲ್ಮಾರಿಯಲ್ಲಿ ರೇಷ್ಮೆ ಸೀರೆಗಳ ಹಿಂದೆ ಇಟ್ಟರು. ಮಗಳ ಮದುವೆ 15 ವರ್ಷಕ್ಕೆ ಆಯಿತು. "ಈಗ ಇದು 27 ವರ್ಷದ್ದು ನೋಡ್ರೀ" ಅಂತ ಬೀಗರ ಮುಂದೆ ತೆಗೆದರು. ಕಾರ್ಕ್ ಪುಡಿಯಾಗಿ ಅರ್ಧ ಒಳಗೆ ಬಿತ್ತು. ಮಟ್ಟ ಎರಡು ಬೆರಳು ಇಳಿದಿತ್ತು. ನನ್ನ ಕಡೆ ನೋಡಿದರು. ಏನಂತ ಹೇಳಲಿ? ವಿಸ್ಕಿಗೆ ವಯಸ್ಸಾಗುವುದು ಮರದಲ್ಲಿ, ಗಾಜಿನಲ್ಲಿ ಅಲ್ಲ. ಬಾಟಲಿಯ ಮೇಲಿನ 12 ಅಂದರೆ ಒಳಗಿರುವುದರಲ್ಲಿ ಎಲ್ಲಕ್ಕಿಂತ ಎಳೆಯದು ಪೀಪಾಯಿಯಲ್ಲಿ ಎಷ್ಟು ವರ್ಷ ಇತ್ತು ಅನ್ನುವ ಲೆಕ್ಕ. ಮದುವೆ ಮನೆಯಲ್ಲಿ ಈ ಪಾಠ ಬೇಡ ಅಂತ, "ಭಾರಿ ಅದಾ" ಅಂದೆ.

ಪೀಪಾಯಿಯಲ್ಲಿ ಇದ್ದಷ್ಟು ದಿನ ಅದು ಆರುತ್ತಲೂ ಇರುತ್ತದೆ. ಆರಿಹೋದ ಪಾಲನ್ನು ದೇವದೂತರ ಪಾಲು ಅನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಶೇ 2ರಷ್ಟು, ಬೆಂಗಳೂರಿನಲ್ಲಿ ಶೇ 10ಕ್ಕೂ ಮೇಲೆ. ಲೆಕ್ಕ ಹಾಕೋಣ. 200 ಲೀಟರ್ ಪೀಪಾಯಿ ಸ್ಕಾಟ್ಲೆಂಡಿನಲ್ಲಿ 12 ವರ್ಷ ಕೂತರೆ 157 ಲೀಟರ್ ಉಳಿಯುತ್ತದೆ. ಬೆಂಗಳೂರಿನಲ್ಲಿ 4 ವರ್ಷಕ್ಕೇ 131ಕ್ಕೆ ಇಳಿಯುತ್ತದೆ. ನಷ್ಟವೇ, ಆದರೆ ಆ ಸೆಕೆಯಲ್ಲಿ ಮದ್ಯ ಮರದೊಳಗೆ ನುಗ್ಗಿ ಬರುವುದೂ ಜೋರು. ಅಲ್ಲಿ ಹತ್ತು ಹನ್ನೆರಡು ವರ್ಷಕ್ಕೆ ಬರುವ ಬಣ್ಣ, ರುಚಿ ಇಲ್ಲಿ ನಾಲ್ಕೈದು ವರ್ಷಕ್ಕೆ ಬಂದುಬಿಡುತ್ತದೆ. 1948ರಲ್ಲಿ ಶುರುವಾದ ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ತನ್ನ ಸಿಂಗಲ್ ಮಾಲ್ಟನ್ನು 2004ರಲ್ಲಿ ಮೊದಲು ಬಿಡುಗಡೆ ಮಾಡಿದ್ದು ಎಲ್ಲಿ? ಗ್ಲಾಸ್ಗೋದಲ್ಲಿ! ಮೈಸೂರಿನಲ್ಲಿ ಮೈಸೂರುಪಾಕ್ ಮಾರಲು ಹೋದ ಹಾಗೆ. ಭಾರತದ ಬಾರ್ಲಿ, ಸ್ಕಾಟ್ಲೆಂಡಿನ ಪೀಟ್ ಬಾರ್ಲಿ ಎರಡೂ ಸೇರಿಸಿದ ಅವರ ಫ್ಯೂಷನ್‌ಗೆ 2010ರ ಒಂದು ಹೆಸರಾಂತ ವಿಸ್ಕಿ ಕೈಪಿಡಿಯಲ್ಲಿ 97 ಅಂಕ ಬಂದ ಮೇಲೆ ನಮ್ಮವರೂ ತಿರುಗಿ ನೋಡಿದರು. ಗೋವಾದ ಪಾಲ್ ಜಾನ್ ಸಿಂಗಲ್ ಮಾಲ್ಟ್ ಕೂಡ 2012ರಲ್ಲಿ ಮೊದಲು ಇಳಿದದ್ದು ಲಂಡನ್ನಿನಲ್ಲಿ. ಕಲಬುರಗಿಯ ಮಾಳಿಗೆ ಮೇಲೆ ಮೇ ತಿಂಗಳು ಪೀಪಾಯಿ ಇಟ್ಟರೆ ಏನಾದೀತು ಅಂತ ಯೋಚಿಸಿದ್ದೇನೆ. ದೇವದೂತರು ಪೀಪಾಯಿಯನ್ನೇ ಹೊತ್ತುಕೊಂಡು ಹೋದಾರು.

ಡಬ್ಬಿಗಳು ಹಿಂದಿನ ಸಾಲಿಗೆ ಮುಟ್ಟಿದವೇ? ಚೀಟಿ ನೋಡಿಕೊಳ್ಳಿ. 1 ಕೊಬ್ಬರಿ. 2 ಬಾಳೆಹಣ್ಣು, ಇವತ್ತಿನ ಬಿಸಿಲಿಗೆ ಸ್ವಲ್ಪ ಜಾಸ್ತಿಯೇ ಕಳಿತಿದೆ, ಕ್ಷಮಿಸಿ. 3 ಲವಂಗ. 4 ಕುಳ್ಳಿನ ಹೊಗೆಯಲ್ಲಿ ಹಿಡಿದ ಜೋಳ. 5ಕ್ಕೆ ಏನು ಬರೆದಿದ್ದೀರಿ? ಕೂಗಿ ಹೇಳಿ. ಕರ್ಪೂರ... ಸೋಪಿನ ಪುಡಿ... ಒಬ್ಬರು ಅತ್ತರು ಅಂದರು... "ವಿಸ್ಕಿ" ಅಂತ ಮೂರು ಜನ.

5ರಲ್ಲಿ ಏನೂ ಇಲ್ಲ. ತೊಳೆದ ಡಬ್ಬಿ, ಹೊಸ ಹತ್ತಿ, ಅಷ್ಟೇ.

ನಗಬೇಡಿ, ನಾಚಿಕೆಯೂ ಪಡಬೇಡಿ. ಅಮೆರಿಕದ ವ್ಯೋಮಿಂಗ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರದ ಮೇಷ್ಟ್ರು ಸ್ಲಾಸನ್ 1899ರಲ್ಲಿ ತುಂಬಿದ ಸಭೆಯ ಮುಂದೆ ಹತ್ತಿಯ ಮೇಲೆ ಬರೀ ನೀರು ಸುರಿದು, ಇದು ಹರಡುವ ವಾಸನೆ, ಮೂಗಿಗೆ ಬಂದವರು ಕೈ ಎತ್ತಿ ಅಂದ. ಮುಂದಿನ ಸಾಲಿನವರು ಕೆಲವೇ ಸೆಕೆಂಡಿನಲ್ಲಿ ಕೈ ಎತ್ತಿದರು, ಅಲೆಯ ಹಾಗೆ ಹಿಂದಕ್ಕೂ ಹೋಯಿತು. ಮೂಗು ಹೇಳಿದ ಮಾತು ಕೇಳುತ್ತದೆ. ನಂಬರ್ ಬರೆದ ಡಬ್ಬಿ ಕೊಟ್ಟರೆ ಒಳಗೆ ಏನೋ ಇರಲೇಬೇಕು ಅಂತ ಹುಡುಕುತ್ತದೆ. ಹಾಗಿದ್ದ ಮೇಲೆ ಬಂಗಾರದ ಬಣ್ಣದ ಪೆಟ್ಟಿಗೆ, ಕುದುರೆ ಚಿತ್ರ, ಎಂಟು ಸಾವಿರದ ಬೆಲೆ ಚೀಟಿ ತೋರಿಸಿದರೆ ಪಾಪ, ಅದು ಏನು ಮಾಡೀತು?

ಹೋಲಿಸುವುದಾದರೆ ಮುಚ್ಚಿ ಹೋಲಿಸಬೇಕು. ನಾವು ಐದು ಮಂದಿ ಗೆಳೆಯರು ವರ್ಷಕ್ಕೆ ಎರಡು ಸಲ ನಮ್ಮ ಮಾಳಿಗೆ ಮೇಲೆ ಕೂರುತ್ತೇವೆ. ಒಬ್ಬರು ನಿವೃತ್ತ ಹೆಡ್ ಮಾಸ್ತರು. ಹೋದ ಸಲ ಐದು ಗ್ಲಾಸಿನ ಆಟ ಇಟ್ಟೆ. ಒಂದು ಐರ್ಲೆಂಡಿನ ಜೇಮ್ಸನ್, ಒಂದು ಅಮೃತ್ ಫ್ಯೂಷನ್, ಒಂದು ಆರ್ಡ್‌ಬೆಗ್ 10, ಒಂದು ನಮ್ಮ ಓಣಿಯ ವೈನ್ ಶಾಪಿನ ಅಗ್ಗದ ಬ್ಲೆಂಡು. ಐದನೆಯದು? ಮತ್ತೆ ಅದೇ ಜೇಮ್ಸನ್. ಮೂಗಿನ ಪ್ರಾಮಾಣಿಕತೆ ನೋಡುವ ಗ್ಲಾಸು ಅದು. ನನ್ನ ಮಗಳು ಕೆಳಗೆ ಸುರಿದು, ಗ್ಲಾಸಿಗೆ ಕಪ್ಪು ಕಾಗದ ಸುತ್ತಿ, ಮೇಲೆ ತಂದಿಟ್ಟಳು. ಯಾವುದು ಯಾವುದೋ ನನಗೂ ಗೊತ್ತಿಲ್ಲ.

ಆರ್ಡ್‌ಬೆಗ್ ಎಲ್ಲರಿಗೂ ಗೊತ್ತಾಯಿತು, ಅದು ಮೆಟ್ಟಿಲ ಮೇಲೆ ಇದ್ದಾಗಲೇ ಗೊತ್ತಾಯಿತು. ಫ್ಯೂಷನ್‌ನಲ್ಲಿ ಮಾಸ್ತರಿಗೆ ಕಿತ್ತಳೆ ಸಿಪ್ಪೆ, ನನಗೆ ಹುರಿದ ಕಾಳು, ಹಿಂದೆ ಸಣ್ಣಗೆ ಹೊಗೆ. ಅಗ್ಗದ ಬ್ಲೆಂಡು ಮೊದಲ ಎರಡು ನಿಮಿಷ ಚೆನ್ನಾಗಿಯೇ ಇತ್ತು, ಕ್ಯಾರಮೆಲ್, ವೆನಿಲಾ. ಹತ್ತು ನಿಮಿಷಕ್ಕೆ ಖಾಲಿ. ಇದನ್ನು ಮರೆಯಬೇಡಿ. ಗ್ಲಾಸಿನಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಅನ್ನುವುದರಲ್ಲೇ ದುಡ್ಡಿನ ಅರ್ಧ ಗುಟ್ಟು ಇದೆ. ದರ್ಗಾ ರಸ್ತೆಯ ಅತ್ತರಿನ ಅಂಗಡಿಯವರು ಮುಂಗೈಗೆ ಹಚ್ಚಿ "ಒಂದು ಸುತ್ತು ಹೋಗಿ ಬರ್ರಿ, ಆಮ್ಯಾಗ ಹೇಳ್ರಿ" ಅನ್ನುವುದು ಯಾಕೆ? ಮೊದಲ ವಾಸನೆ ಎಲ್ಲದರದ್ದೂ ಚಂದವೇ.

ಜೇಮ್ಸನ್? ಹೆಡ್ ಮಾಸ್ತರು ಎರಡನೆಯ ಗ್ಲಾಸಿಗೆ 8 ಅಂಕ ಕೊಟ್ಟು "ಸೇಬು, ಜೇನು" ಅಂತ ಬರೆದರು. ನಾಲ್ಕನೆಯದಕ್ಕೆ 5 ಕೊಟ್ಟು "ಸಪ್ಪೆ" ಅಂದರು. ಎರಡೂ ಒಂದೇ ಬಾಟಲಿ. ನಾಲ್ಕನೆಯದನ್ನು ಅವರು ನೋಡಿದ್ದು ಆರ್ಡ್‌ಬೆಗ್ ಆದ ಮೇಲೆ. ಉಪ್ಪಿನಕಾಯಿ ನೆಕ್ಕಿ ಹಾಲು ಕುಡಿದ ಹಾಗಾಯಿತು. 26 ವರ್ಷ ಲ್ಯಾಬಿನಲ್ಲಿ ಕೂತ ನಾನು ಎಷ್ಟು ಕೊಟ್ಟೆ ಅಂತ ಕೇಳುತ್ತೀರೇನು? ಒಂದಕ್ಕೆ 7, ಒಂದಕ್ಕೆ 6. ಜೋಡಿ ಇವೆರಡೇ ಅಂತ ನನಗೆ ಗೊತ್ತಾಗಲಿಲ್ಲ. ಫ್ಯೂಷನ್ ಮತ್ತು ನಾಲ್ಕನೆಯ ಗ್ಲಾಸನ್ನು ಜೋಡಿ ಅಂತ ಬರೆದಿದ್ದೆ. ಮಗಳು ಆ ಚೀಟಿಯನ್ನು ಇವತ್ತಿಗೂ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ.

ಮನೆಯಲ್ಲಿ ಮಾಡುವವರಿಗೆ ಸಲೀಸಾದ ದಾರಿ ಮೂರು ಗ್ಲಾಸು. ಎರಡರಲ್ಲಿ ಒಂದೇ ವಿಸ್ಕಿ, ಮೂರನೆಯದರಲ್ಲಿ ಬೇರೆ. ಬೇರೆ ಯಾವುದು ಅಂತ ಹಿಡಿಯಬೇಕು. ಕಣ್ಣು ಮುಚ್ಚಿ ಹೇಳಿದರೂ ಮೂರಕ್ಕೆ ಒಂದು ಸಲ ಸರಿಯಾಗುತ್ತದೆ, ಆದ್ದರಿಂದ ಒಂದು ಸಲ ಗೆದ್ದು ಜಂಬ ಪಡಬೇಡಿ, ಐದಾರು ಸಲ ಮಾಡಿ. ಹಗುರವಾದದ್ದು ಮೊದಲು, ಹೊಗೆಯದ್ದು ಕೊನೆಗೆ. ಬಲವನ್ನು, ಅಂದರೆ ಮದ್ಯಸಾರದ ಶೇಕಡಾ ಪಾಲನ್ನು, ಸಮ ಮಾಡಿಕೊಳ್ಳಿ. ನಮ್ಮ ಬಾಟಲಿಗಳ ಮೇಲೆ 42.8 ಅಂತ ಇರುತ್ತದೆ, ಹಳೇ ಬ್ರಿಟಿಷ್ ಲೆಕ್ಕದ 75 ಡಿಗ್ರಿ ಪ್ರೂಫ್ ಅದು. ಫ್ಯೂಷನ್ 50, ಜೇಮ್ಸನ್ 40. ಹಾಗೇ ಹೋಲಿಸಿದರೆ ಕುಸ್ತಿಯಲ್ಲಿ ತೂಕ ನೋಡದೆ ಜೋಡಿ ಕಟ್ಟಿದ ಹಾಗೆ. 40ರದ್ದಕ್ಕೆ ಸಮಸಮ ನೀರು, 50ರದ್ದಕ್ಕೆ ಒಂದೂವರೆ ಪಟ್ಟು ಹಾಕಿದರೆ ಎರಡೂ 20ಕ್ಕೆ ಬರುತ್ತವೆ. ನೀರು ಮಾತ್ರ ನಮ್ಮ ಬೋರಿನ ಗಡಸು ನೀರಾಗಬಾರದು. ಮಣ್ಣಿನ ಗಡಿಗೆಯ ನೀರೂ ಬೇಡ, ಅದಕ್ಕೆ ತನ್ನದೇ ವಾಸನೆ ಇದೆ, ಎಷ್ಟೇ ಹಿತವಾದರೂ.

ಪುಸ್ತಕದವರು ಕೋಣೆಯ ಉಷ್ಣತೆಯಲ್ಲಿ ಮೂಸಿ ಅನ್ನುತ್ತಾರೆ. ಅವರ ಕೋಣೆ 20 ಡಿಗ್ರಿ. ಏಪ್ರಿಲ್‌ನಲ್ಲಿ ನಮ್ಮ ಕೋಣೆ 38. ಆ ಕಾವಿಗೆ ಮದ್ಯಸಾರವೇ ಮೊದಲು ಎದ್ದು ಮೂಗು ಸುಡುತ್ತದೆ. ಡಿಸೆಂಬರ್, ಜನವರಿಯಲ್ಲಿ ಮಾಡಿ, ಇಲ್ಲವೇ ಬಾಟಲಿಯನ್ನು ಕಾಲು ಗಂಟೆ ಫ್ರಿಜ್ಜಿನಲ್ಲಿಟ್ಟು ತೆಗೆಯಿರಿ. ಐಸ್ ಹಾಕಿದರೆ ಪರಿಮಳ ಮಲಗುತ್ತದೆ. ಬಾಯಿ ತುಸು ತೆರೆದು ಮೂಸಿ, ಉರಿ ಕಡಿಮೆಯಾಗುತ್ತದೆ. ಗ್ಲಾಸು ಬಾಯಿ ಕಿರಿದಾಗಿರಲಿ, ಅಂಥದ್ದು ಇಲ್ಲದಿದ್ದರೆ ಚಹಾದ ಕಟಿಂಗ್ ಗ್ಲಾಸೂ ನಡೆಯುತ್ತದೆ. ನಡುನಡುವೆ ಬಾಯಿ ಶುದ್ಧ ಮಾಡಲು ಅವರು ಉಪ್ಪಿಲ್ಲದ ಬಿಸ್ಕೀಟು ಅನ್ನುತ್ತಾರೆ. ನಮ್ಮ ಕಡಕ್ ಜೋಳದ ರೊಟ್ಟಿಯ ತುಂಡು ಅದಕ್ಕಿಂತ ನೂರು ಪಾಲು ಮೇಲು.

ಹಿಂದಿನಿಂದ ಒಬ್ಬರು ಆಗಿನಿಂದ ಕೈ ಎತ್ತಿದ್ದಾರೆ. "ಇಷ್ಟೆಲ್ಲಾ ಹೇಳಿದ್ರಿ, ಯಾವುದು ಛಲೋ ಅಂತ ಹೇಳ್ಲೇ ಇಲ್ಲಲ್ರೀ?" ಹೇಳುವುದಿಲ್ಲ ಸರ್. ನಾನು ಹೆಸರು ಹೇಳಿದ ಕೂಡಲೇ ಅದು ನಿಮ್ಮ 5ನೇ ಡಬ್ಬಿ ಆಗುತ್ತದೆ. ಹಗುರ ಬೇಕೆಂದರೆ ಐರಿಷ್ ಕಡೆಯಿಂದ ಶುರುಮಾಡಿ, ಸಿಹಿ ಬೇಕೆಂದರೆ ಬರ್ಬನ್, ಸೀತನಿ ನೆನಪಾದರೆ ಐಲಾ. ಎರಡು ಬಾಟಲಿ ನಾಲ್ಕು ಮಂದಿ ಸೇರಿ ಕೊಳ್ಳಿ, ಒಬ್ಬರೇ ಕೊಳ್ಳಬೇಡಿ. ಬಂಡಿ ಹೊಡೆದುಕೊಂಡು ಬಂದವರಿಗೆ ಮೂಸಲು ಮಾತ್ರ ಕೊಡಿ.

ಡಬ್ಬಿ ನಾಲ್ಕು ವಾಪಸ್ ಬಂದವು. 3ನೇದು ಬಂದಿಲ್ಲ. ಯಾರ ಹತ್ತಿರ ಇದೆಯೋ ದಯವಿಟ್ಟು ಕೊಟ್ಟುಬಿಡಿ, ಅದರಲ್ಲಿರುವ ಲವಂಗ ನಮ್ಮ ಮನೆಯವರಿಗೆ ಹೇಳದೆ ತಂದದ್ದು.